ಜವಾರಿ ಹಾದಿ, ಹೈಬ್ರಿಡ್ ಗಾಡಿ

ನಮ್ಮ ಕಡೆ ಮನೆ ಮುಂದೆ ಗಾಡಿಯೊಂದು ಹೊಸದಾಗಿ ಬಂದು ನಿಂತರೆ ಮೊದಲು ತೆಂಗಿನಕಾಯಿ ಒಡೆಯುತ್ತಾರೆ, ಆಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಅದು ಪಚಕ್ಕೆನ್ನುವುದರೊಳಗೆ ಗುಂಪಿನಿಂದ ಒಂದು ಪ್ರಶ್ನೆ ಬರುತ್ತದೆ: ‘ಆವರೇಜ್ ಎಷ್ಟ್ ಕೊಡ್ತದ?’ ಬಣ್ಣ, ಬೆಲೆ, ಏಸಿ ಎಲ್ಲ ಆಮೇಲಿನ ಮಾತು. ಬೆಂಗಳೂರಿನವರು ಇದನ್ನೇ ಮೈಲೇಜ್ ಅನ್ನುತ್ತಾರೆ. ದೇಶ ಮೈಲು ಬಿಟ್ಟು ಕಿಲೋಮೀಟರು ಹಿಡಿದು ಅರವತ್ತು ವರ್ಷದ ಮೇಲಾದರೂ ಅವರ ಬಾಯಿಂದ ಮೈಲು ಹೋಗಿಲ್ಲ. ನಮ್ಮ ‘ಆವರೇಜ್’ ಅದಕ್ಕಿಂತ ಪ್ರಾಮಾಣಿಕ ಪದ. ಎಲ್ಲ ದಿನ ಒಂದೇ ಸಮ ಇರುವುದಿಲ್ಲ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಸರಾಸರಿ ಎಂಬ ಪಾಠವನ್ನು ಹುಡುಗರ ತಲೆಗೆ ಹತ್ತಿಸಲು ಎಷ್ಟು ಬೆವರಿದ್ದೇನೋ ನನಗೇ ಗೊತ್ತು. ಅದೇ ಹುಡುಗರು ಇವತ್ತು ಟಂಟಂ ಆಟೋ ಹೊಡೆಯುತ್ತ ದಿನಕ್ಕೆ ಹತ್ತು ಸಲ ‘ಆವರೇಜ್’ ಅನ್ನುವುದನ್ನು ಕೇಳಿದರೆ ಪಿಂಚಣಿ ಸಾರ್ಥಕವಾಯಿತು ಅನಿಸುತ್ತದೆ.

ನನ್ನದು ಹೊಸ ಗಾಡಿಯಲ್ಲ. 2016ರ ಸಿಯಾಝ್ ಡೀಸೆಲ್. ನಿವೃತ್ತಿಯ ವರ್ಷ, 2019ರಲ್ಲಿ, ಕಲಬುರಗಿಯಿಂದ ವರ್ಗವಾಗಿ ಹೊರಟಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಕೊಂಡೆ. ಹಿಂದಿನ ಡಿಕ್ಕಿಯ ಮೇಲೆ ‘ಎಸ್‌ಎಚ್‌ವಿಎಸ್’ ಎಂಬ ನಾಲ್ಕು ಅಕ್ಷರ ಹೊಳೆಯುತ್ತಿದ್ದವು. ನಮ್ಮೂರು ದಂಡೋತಿಯ ಓಣಿಯಲ್ಲಿ ನಿಂತಾಗ ಯಾರೋ ಅದರ ಅರ್ಥ ಕೇಳಿದರು. ನಾನು ಮಾಸ್ತರಿಕೆಯ ಹಳೆಯ ಚಟದಿಂದ, ‘ಇದು ಹೈಬ್ರಿಡ್ ಗಾಡಿ’ ಅಂದೆ.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ತಲೆ ಎತ್ತಿದರು. ವರಸೆಯಲ್ಲಿ ಕಾಕಾ, ಎಂಬತ್ತರ ಹತ್ತಿರದ ಒಕ್ಕಲಿಗ.

‘ಹೈಬ್ರಿಡ್ ಅಂತೀಯಲ್ಲೋ ತಮ್ಮಾ, ಬೀಜಕ್ಕ ಬರ್ತದೇನು?’

ಓಣಿ ನಕ್ಕಿತು. ‘ಬರಂಗಿಲ್ಲ ಕಾಕಾ’ ಅಂದು ನಾನೂ ನಕ್ಕೆ. ಆದರೆ ಕಾಕಾ ನಗಲಿಲ್ಲ. ಅವರು ತಮಾಷೆಗೆ ಕೇಳಿರಲೇ ಇಲ್ಲ.

ಎರಿ ಭೂಮಿಯ ಈ ಸೀಮೆಯಲ್ಲಿ ಹೈಬ್ರಿಡ್ ಅಂದರೆ ಕಾರಲ್ಲ, ಕಾಳು. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್–1 ಬಿಡುಗಡೆಯಾದದ್ದು 1964ರಲ್ಲಿ. ಎಂಟು ವರ್ಷ ಬಿಟ್ಟು, 1972ರಲ್ಲಿ, ಧಾರವಾಡದಲ್ಲಿ ಕೃಷಿ ವಿಜ್ಞಾನಿ ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ತಳಿ ಮಾಡಿದರು. ಕಾಕಾನ ಹರೆಯ ಇವೆರಡರ ನಡುವೆ ಕಳೆದಿದೆ. ಹೈಬ್ರಿಡ್ ಜೋಳ ಚೀಲ ತುಂಬ ಬೆಳೆಯಿತು, ಸುಳ್ಳಲ್ಲ. ಆದರೆ ತೆನೆಗಟ್ಟುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಪ್ಪಿಟ್ಟಿತು. ಬಡಿದ ರೊಟ್ಟಿ ಮಾಲ್ದಂಡಿ ಜೋಳದ ರೊಟ್ಟಿಯ ಹಾಗೆ ಮೆತ್ತಗೆ ಮಡಚಲಿಲ್ಲ. ಎಲ್ಲಕ್ಕಿಂತ ದೊಡ್ಡ ತಕರಾರು ಬೀಜದ್ದು. ಹೈಬ್ರಿಡ್ ತೆನೆಯ ಕಾಳನ್ನು ಹಗೇವಿನಲ್ಲಿ ಇಟ್ಟು ಮರುವರ್ಷ ಬಿತ್ತಿದರೆ ಅಪ್ಪನ ಎತ್ತರವೂ ಇಲ್ಲ, ಅವ್ವನ ತೂಕವೂ ಇಲ್ಲ, ಒಂದೊಂದು ಗಿಡ ಒಂದೊಂದು ದಿಕ್ಕು. ಪ್ರತಿ ವರ್ಷ ಬೀಜದಂಗಡಿಯ ಮೆಟ್ಟಿಲು ಹತ್ತಲೇಬೇಕು. ಅಲ್ಲಿಂದ ನಮ್ಮ ಮಾತಿನಲ್ಲಿ ಜಗತ್ತು ಎರಡಾಯಿತು: ಜವಾರಿ ಮತ್ತು ಹೈಬ್ರಿಡ್. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಮಂದಿ. ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಡುವ ಮೊಮ್ಮಗ ಹೈಬ್ರಿಡ್. ಈ ಲೆಕ್ಕದಲ್ಲಿ ನನ್ನ ಕಾರಿಗೆ ಸಿಕ್ಕ ಬಿರುದು ಪ್ರಶಂಸೆಯಾಗಿರಲಿಲ್ಲ.

ಕಾರಿನ ಹೈಬ್ರಿಡ್ಡುತನ ಮಾತ್ರ ಸರಳ. ಎಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಒಂದು ಸಣ್ಣ ಯಂತ್ರವಿದೆ. ಮಾಮೂಲಿ ಕಾರಿನಲ್ಲಿ ಗಾಡಿ ಎಬ್ಬಿಸುವ ಸ್ಟಾರ್ಟರ್ ಬೇರೆ, ಬ್ಯಾಟರಿ ತುಂಬುವ ಡೈನಮೊ ಬೇರೆ. ಇಲ್ಲಿ ಎರಡೂ ಕೆಲಸ ಒಬ್ಬನೇ ಮಾಡಬಲ್ಲ. ಕಾಲು ಎಕ್ಸಲೇಟರ್‌ನಿಂದ ತೆಗೆದು ಗಾಡಿ ನಿಧಾನವಾಗುತ್ತಿದ್ದರೆ ಅವನು ಓಟದ ಒಂದು ಪಾಲನ್ನು ಕರೆಂಟಾಗಿ ಬ್ಯಾಟರಿಗೆ ಹಾಕುತ್ತಾನೆ. ಗಾಡಿ ಎಳೆಯುವಾಗ ಅದನ್ನೇ ತೆಗೆದು ಎಂಜಿನ್ನಿಗೆ ಸ್ವಲ್ಪ ಹೆಗಲು ಕೊಡುತ್ತಾನೆ. ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟು ನಿಂತರೆ ಎಂಜಿನ್ ತಾನಾಗಿ ಬಂದ್. ಕ್ಲಚ್ ತುಳಿದರೆ ತಾನಾಗಿ ಚಾಲೂ. ಬರೀ ಕರೆಂಟಿನ ಮೇಲೆ ಇದು ಒಂದು ಅಡಿಯೂ ಓಡುವುದಿಲ್ಲ. ಜಾತಿಯಲ್ಲಿ ಇದು ಅರೆ ಹೈಬ್ರಿಡ್.

ಪೂರಾ ಹೈಬ್ರಿಡ್ಡುಗಳ ವಂಶ ಬೇರೆ. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಎಂಬಾತ ಪೆಟ್ರೋಲ್ ಎಂಜಿನ್ನಿನಿಂದ ಕರೆಂಟ್ ಮಾಡಿ ಗಾಲಿಯೊಳಗಿನ ಮೋಟಾರು ತಿರುಗಿಸುವ ಗಾಡಿ ಮಾಡಿದ್ದ. ಜಪಾನಿನಲ್ಲಿ ಪ್ರಿಯಸ್ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರ್‌ನಲ್ಲಿ. ನಮ್ಮ ದೇಶಕ್ಕೆ 2008ರಲ್ಲಿ ಸಿವಿಕ್ ಹೈಬ್ರಿಡ್, 2010ರಲ್ಲಿ ಪ್ರಿಯಸ್ ಬಂದವು. ಎರಡೂ ಅಂಗಡಿಯ ಗಾಜಿನ ಹೊರಗೆ ನಿಂತು ನೋಡುವ ಬೆಲೆಯವು. 2013ರಿಂದ ಕ್ಯಾಮ್ರಿ ಹೈಬ್ರಿಡ್ ನಮ್ಮ ಬಿಡದಿಯಲ್ಲೇ ಜೋಡಣೆಯಾಯಿತು. ಈಗ ಹೈರೈಡರ್ ಅಂಥವು ಅಲ್ಲಿಂದಲೇ ಹೊರಡುತ್ತವೆ. ಇವನ್ನೆಲ್ಲ ಓದಿ ನನಗೆ ಬೆರಗಾಗಲಿಲ್ಲ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ತಿನ್ನುತ್ತ ಬೆಳೆದವನು ನಾನು. ಸಿಕಂದರಾಬಾದ್ ಕಡೆಯ ಹಳಿ ಮುಂಬಯಿ–ಚೆನ್ನೈ ಹಳಿಗೆ ಕೂಡುವ ಆ ಠಾಣೆಯಲ್ಲಿ ಗುಡುಗುತ್ತ ನಿಲ್ಲುತ್ತಿದ್ದ ಡೀಸೆಲ್ ರೈಲೆಂಜಿನ್ನಿನ ಗುಟ್ಟೂ ಇದೇ. ಡೀಸೆಲ್ ತಿರುಗಿಸುವುದು ಜನರೇಟರನ್ನು, ಗಾಲಿ ತಿರುಗಿಸುವುದು ಕರೆಂಟಿನ ಮೋಟಾರು. ಬ್ರೇಕಿನ ಶಕ್ತಿಯನ್ನು ಉಳಿಸಿಡಲು ಅದರಲ್ಲಿ ದೊಡ್ಡ ಬ್ಯಾಟರಿ ಇರಲಿಲ್ಲ, ಅಷ್ಟೇ.

ಸರ್ಕಾರವೂ ನನ್ನ ಗಾಡಿಯಂಥ ಅರೆ ಹೈಬ್ರಿಡ್ಡನ್ನು ಹೊಸ ಅಳಿಯನ ಹಾಗೆ ನಡೆಸಿಕೊಂಡಿತು. 2015ರಲ್ಲಿ ರಿಯಾಯಿತಿ ಕೊಟ್ಟು ಕರೆಯಿತು, 2017ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಿತು, ಅದೇ ಜುಲೈನಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್ಡುಗಳ ಮೇಲೆ ಸೆಸ್ ಸೇರಿ ನೂರಕ್ಕೆ 43 ಕೂಡಿಸಿತು. ಮೂರು ಹಬ್ಬ ಕಳೆಯುವುದರೊಳಗೆ ಅಳಿಯ ಹಳಬನಾದ.

ಇನ್ನು ಆವರೇಜಿಗೆ ಬರೋಣ. ಈ ಗಾಡಿಗೆ ಕಾಗದದ ಮೇಲಿರುವ ಅಂಕಿ ಲೀಟರಿಗೆ 28.09 ಕಿ.ಮೀ. ದಶಮಾಂಶದ ಎರಡನೇ ಸ್ಥಾನದವರೆಗೂ ಇರುವ ಅಂಕಿಯನ್ನು ಕಂಡರೆ ಗಣಿತದ ಮಾಸ್ತರನಿಗೆ ಭಕ್ತಿ ಬರಬೇಕು. ನನಗೆ ಅನುಮಾನ ಬಂತು. ಆ ಅಂಕಿಯಲ್ಲಿ ಮೋಸವೇನಿಲ್ಲ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಏಸಿ ಬಂದ್ ಮಾಡಿ, ಇಪ್ಪತ್ತು ನಿಮಿಷದೊಳಗೆ ಹನ್ನೊಂದು ಕಿಲೋಮೀಟರಿಗೂ ಕಡಿಮೆ ದೂರ, ಗರಿಷ್ಠ 90ರ ವೇಗದಲ್ಲಿ, ಮೊದಲೇ ಬರೆದಿಟ್ಟ ತಾಳಕ್ಕೆ ಸರಿಯಾಗಿ ಓಡಿಸಿ ತೆಗೆದ ಲೆಕ್ಕ. ಎಲ್ಲ ಕಂಪನಿಯ ಗಾಡಿಗೂ ಅದೇ ತಾಳ. ಒಂದನ್ನು ಇನ್ನೊಂದರೊಡನೆ ತೂಗಿ ನೋಡಲು ಅದು ಬೇಕು. ಆದರೆ ಆ ಉರುಳೆಯ ಮೇಲೆ ಎದುರಿನಿಂದ ಸಿಮೆಂಟಿನ ಬಲ್ಕರ್ ಬರುವುದಿಲ್ಲ. ಅರ್ಧ ರಸ್ತೆಗೆ ತೊಗರಿ ಒಣಹಾಕಿ ಅದರ ಅಂಚಿಗೆ ಕಲ್ಲಿಟ್ಟಿರುವುದಿಲ್ಲ. ಎಮ್ಮೆ ನಿಂತು ಯೋಚನೆ ಮಾಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ 43 ಡಿಗ್ರಿಯಲ್ಲಿ ಹೆಂಡತಿ, ‘ಏಸಿ ಹಚ್ರಿ, ಉಳಿಸಿದ ಡೀಸೆಲ್ ತಲೀ ಮ್ಯಾಲ ಹೊತ್ಕೊಂಡು ಹೋಗ್ತೀರೇನು’ ಅನ್ನುವುದಿಲ್ಲ.

ಹಾಗಾಗಿ ನಾನೇ ಒಂದು ಖಾತೆ ಪುಸ್ತಕ ತೆರೆದೆ. ವಿಧಾನ ಹಳೆಯದು: ಟ್ಯಾಂಕ್ ಫುಲ್ ಮಾಡಿಸಬೇಕು, ಮೀಟರು ಸೊನ್ನೆಗೆ ತರಬೇಕು, ಮುಂದಿನ ಸಲ ಅದೇ ಪಂಪಿನಲ್ಲಿ ಗನ್ ತಾನಾಗಿ ಕಟ್ಟಾಗುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ಕಾರಿನ ಪರದೆ ತೋರಿಸುವ ಅಂಕಿಯನ್ನು ನಂಬಲಿಲ್ಲ. ಅದು ನನ್ನ ಲೆಕ್ಕಕ್ಕಿಂತ ಯಾವಾಗಲೂ ಒಂದು ತೂಕ ಹೆಚ್ಚೇ ಹೇಳುತ್ತದೆ, ಬೀಗರ ಮುಂದೆ ಮಗನ ಸಂಬಳ ಹೇಳುವ ಹಾಗೆ. ಪುಸ್ತಕದಲ್ಲಿ ಐದು ಮನೆ: ತಾರೀಖು, ಕಿ.ಮೀ., ಲೀಟರ್, ಆವರೇಜ್, ಕಾರಣ. ಕೊನೆಯ ಮನೆ ನನ್ನ ಸ್ವಂತ ಸೇರ್ಪಡೆ. ಆವರೇಜ್ ಇಪ್ಪತ್ತಕ್ಕಿಂತ ಕೆಳಗೆ ಬಂದಾಗ ಕಾರಣ ಬರೆಯದಿದ್ದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆರು ವರ್ಷದ ಒಟ್ಟು ಫಲ: 21ರ ಆಸುಪಾಸು. ಅತಿ ಒಳ್ಳೆಯದು 25, ಒಬ್ಬನೇ ಬೆಳಿಗ್ಗೆ ತಂಪಿನಲ್ಲಿ ಹೋದದ್ದು. ಅತಿ ಕೆಟ್ಟದ್ದು 16. ಅದರ ಮುಂದೆ ‘ಮೊಮ್ಮಗಳು’ ಎಂದಷ್ಟೇ ಬರೆದಿದೆ. ಕಲಬುರಗಿಯ ಆಸ್ಪತ್ರೆಗೆ ಆ ವಾರ ಹಗಲಿಲ್ಲ ರಾತ್ರಿಯಿಲ್ಲ ಓಡಾಡಿದ್ದೆ. ಕಾಲಿಗೆ ಲೆಕ್ಕ ನೆನಪಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಮಾಸ್ತರನಿಗೆ ಹೇಳದೆ ಇರಲಾಗದ್ದು. ನೂರು ಕಿಲೋಮೀಟರು 16ರಂತೆ, ಇನ್ನು ನೂರು 24ರಂತೆ ಓಡಿದರೆ ಒಟ್ಟು ಆವರೇಜ್ ಎಷ್ಟು? ಓಣಿಯೆಲ್ಲ 20 ಅನ್ನುತ್ತದೆ. ಅಲ್ಲ. ಮೊದಲ ನೂರಕ್ಕೆ 6.25 ಲೀಟರ್, ಎರಡನೆಯ ನೂರಕ್ಕೆ ಸುಮಾರು 4.17; ಇನ್ನೂರನ್ನು 10.42ರಿಂದ ಭಾಗಿಸಿದರೆ ಬರುವುದು 19.2. ಕೆಟ್ಟ ದಿನದ ಕೈ ಒಳ್ಳೆಯ ದಿನದ ಕೈಗಿಂತ ಭಾರ. ಹೀಗೆ ಕೂಡಿಸಿ ಬೆರೆಸುವ ಲೆಕ್ಕಗಳಿಗೆ ನಮ್ಮ ಸೀಮೆ ಹಳೆಯ ತವರು. ನಮ್ಮೂರಿನ ಮೇಲ್ಗಡೆ, ಇದೇ ಕಾಗಿಣಾ ಹೊಳೆಯ ದಂಡೆಗೆ, ರಾಷ್ಟ್ರಕೂಟರ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನನ್ನು ಹೊಗಳಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ‘ಮಿಶ್ರಕ ವ್ಯವಹಾರ’ ಎಂದೇ ಒಂದು ಅಧ್ಯಾಯವಿದೆ: ಅಸಲು–ಬಡ್ಡಿ ಕೂಡಿದ್ದು, ಬೇರೆ ಬೇರೆ ಬಣ್ಣದ ಬಂಗಾರ ಕರಗಿಸಿ ಬೆರೆಸಿದ್ದು, ಇಂಥ ಲೆಕ್ಕಗಳು. ಮಿಶ್ರಕ ಅಂದರೆ ಬೆರಕೆ, ಬೆರಕೆ ಅಂದರೆ ಹೈಬ್ರಿಡ್. ಮಳಖೇಡದ ಕೋಟೆ ತೊಳೆದ ನೀರು ನಮ್ಮ ಸೇತುವೆಯ ಕೆಳಗೆ ಹಾಯುವಾಗ, ಆ ಆಚಾರ್ಯರಿಗೆ ನನ್ನ ಪುಸ್ತಕ ತೋರಿಸಿದ್ದರೆ ‘ಕಾರಣ’ದ ಮನೆ ನೋಡಿ ಏನೆನ್ನುತ್ತಿದ್ದರೋ ಎಂದು ಯೋಚಿಸುತ್ತೇನೆ.

ಹಳೆಯ ಗಾಡಿ ಸಾಕುವುದೆಂದರೆ ಅರ್ಧ ಧೂಳಿನೊಂದಿಗಿನ ವ್ಯಾಜ್ಯ. ಸೇಡಂ, ಮಳಖೇಡ, ವಾಡಿ ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಶಹಾಬಾದಿನ ಫರ್ಸಿ ದೇಶದ ಎಷ್ಟೋ ಮನೆಗಳಲ್ಲಿ ನೆಲವಾಗಿದೆ. ಮನೆಗಳ ನೆಲವಾಗದೆ ಉಳಿದದ್ದು ಗಾಳಿಯಲ್ಲಿದೆ. ಗ್ಯಾರೇಜಿನ ಉಸ್ತಾದ್ ಒಮ್ಮೆ ನನ್ನ ಗಾಳಿ ಫಿಲ್ಟರ್ ತೆಗೆದು ಗೋಡೆಗೆ ಬಡಿದ. ಬೆಳ್ಳಗೆ ಮೋಡ ಎದ್ದಿತು.

‘ಸರ, ಇದಕ್ಕ ನೀರ್ ಹಾಕಿದ್ರ ಒಂದು ಗೋಡಿ ಕಟ್ಟಬಹುದು.’

‘ಪುಸ್ತಕದಾಗ ಬರದಿದ್ದು ಇನ್ನೂ ಬಹಳ ಕಿಲೋಮೀಟರ್ ಆದಮ್ಯಾಲ ಬದಲಿಸ್ರಿ ಅಂತ ಅದಲ್ಲ?’

‘ಪುಸ್ತಕ ಬರದವರು ನಮ್ಮ ಕಡಿ ಬಂದಿಲ್ರಿ ಸರ.’

ಅವತ್ತಿನಿಂದ ಅವನ ಪಂಚಾಂಗವೇ ನನ್ನ ಪಂಚಾಂಗ. ಫಿಲ್ಟರ್ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ಬದಲು. ಹದಿನೈದು ದಿನಕ್ಕೊಮ್ಮೆ ಟೈರಿನ ಗಾಳಿ, ಅದೂ ಬೆಳಿಗ್ಗೆ, ಟೈರು ತಣ್ಣಗಿರುವಾಗ. ಆ ಸಣ್ಣ ಯಂತ್ರದ ಬೆಲ್ಟಿನಲ್ಲಿ ಬಿರುಕು ಬಂದಿದೆಯೇ ಎಂದು ಬೆರಳಾಡಿಸುವುದು. ಬ್ರೇಕು ಗಾಲಿಯನ್ನು ಸುಮ್ಮನೆ ಹಿಡಿದುಕೊಂಡಿಲ್ಲವಷ್ಟೇ ಎಂದು ಓಡಿಸಿ ನಿಲ್ಲಿಸಿ ರಿಮ್ ಮುಟ್ಟಿ ನೋಡುವುದು. ಒಂದು ಗಾಲಿ ಮಾತ್ರ ಕಾದಿದ್ದರೆ ಅಲ್ಲಿ ಡೀಸೆಲ್ ಸುಡುತ್ತಿದೆ ಎಂದರ್ಥ. ಪೂರಾ ಹೈಬ್ರಿಡ್ ಇಟ್ಟವರಿಗೆ ಇನ್ನೊಂದು ಉಪದೇಶ: ಹಿಂದಿನ ಸೀಟಿನ ಬಳಿ ದೊಡ್ಡ ಬ್ಯಾಟರಿ ತಂಪು ಮಾಡಲು ಗಾಳಿ ಎಳೆಯುವ ಕಿಂಡಿ ಇರುತ್ತದೆ. ಅದರ ಮೇಲೆ ಜಮಖಾನ ಹಾಸಿ ಜೋಳದ ಚೀಲ ಒರಗಿಸಬೇಡಿ.

ನನ್ನ ಗಾಡಿಯ ಬ್ಯಾಟರಿ ಲಿಥಿಯಂ ಅಲ್ಲ. ಲಿಥಿಯಂ ಬಂದದ್ದು 2018ರ ಪೆಟ್ರೋಲ್ ಮಾದರಿಗೆ. ನನ್ನದು ಸೀಸ–ಆಮ್ಲದ ಹಳೆಯ ಕುಲವೇ, ಗಾತ್ರದಲ್ಲಿ ಮಾಮೂಲಿಗಿಂತ ದೊಡ್ಡದು. ಬಿಸಿಲು ಅದರ ಶತ್ರು. ಎರಡನೇ ಶತ್ರು ನಾನೇ. ಮಗನ ಊರಿಗೆ ಹೋಗಿ ಎರಡು ತಿಂಗಳು ಗಾಡಿಯನ್ನು ತಗಡಿನ ಕೆಳಗೆ ನಿಲ್ಲಿಸಿದ್ದೆ. ಬಂದಮೇಲೆ ಗಾಡಿ ಚಾಲೂ ಆಯಿತು, ಆದರೆ ತಾನಾಗಿ ಬಂದ್ ಆಗುವ ಆಟ ನಿಂತುಬಿಟ್ಟಿತು. ಬ್ಯಾಟರಿಯಲ್ಲಿ ತ್ರಾಣ ಸಾಲದಿದ್ದರೆ ಗಾಡಿ ಎಂಜಿನ್ ಬಂದ್ ಮಾಡುವ ಧೈರ್ಯ ಮಾಡುವುದಿಲ್ಲ. ಮತ್ತೆ ಎದ್ದೀತೋ ಇಲ್ಲವೋ ಎಂಬ ಭಯ ಅದಕ್ಕೂ ಇದೆ. ಹೊಸ ಬ್ಯಾಟರಿಯ ಬೆಲೆ ಕೇಳಿ ನಾನೂ ಬಂದ್ ಆದೆ. ಮನೆಗೆ ಬರುವಾಗ ಕಾಕಾನ ಮಾತು ನೆನಪಾಯಿತು. ಹೈಬ್ರಿಡ್ ಇಟ್ಟವನು ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲೇಬೇಕು. ಬೀಜದ ಹೆಸರು ಬ್ಯಾಟರಿ, ಅಷ್ಟೇ ಫರಕು.

ಜಿಪುಣತನಕ್ಕೆ ಮೂರು ತಿಂಗಳು ಹಾಗೆಯೇ ಓಡಿಸಿದೆ. ಅಂದರೆ ಹೈಬ್ರಿಡ್ಡಿನ ಕೆಲಸ ಅರ್ಧಕ್ಕೆ ನಿಂತ ಹೈಬ್ರಿಡ್. ಆಗ ಖಾತೆ ಪುಸ್ತಕ ಒಂದು ವಿಚಿತ್ರ ಹೇಳಿತು: ಆವರೇಜ್ ಹೆಚ್ಚೇನೂ ಇಳಿಯಲಿಲ್ಲ. 21ರ ಜಾಗದಲ್ಲಿ ಇಪ್ಪತ್ತೂವರೆ. ಕೂತು ಲೆಕ್ಕ ಮಾಡಿದೆ. ಇದೇ ಗಾಡಿಯ ಹೈಬ್ರಿಡ್ ಅಲ್ಲದ ಹಿಂದಿನ ಮಾದರಿಗೆ ಕಾಗದದ ಅಂಕಿ 26.21. ಅಂದರೆ ಕಾಗದದ ಮೇಲೂ ಹೈಬ್ರಿಡ್ಡಿನ ಪಾಲು ಎರಡು ಕಿಲೋಮೀಟರಿಗಿಂತ ಕಡಿಮೆ! ಆದರೆ ನನ್ನ ಪುಸ್ತಕದಲ್ಲಿ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಒಂಬತ್ತು ಕಿಲೋಮೀಟರಿನ ಅಂತರವಿದೆ. ಆ ಅಂತರ ಯಾವ ಮೋಟಾರಿನದು?

ಕಾಲಿನದು. ಗಾಡಿ, ನಾವಿಬ್ಬರು, ನನ್ನಾಕೆಯ ಗಂಟುಮೂಟೆ ಸೇರಿ 1,300 ಕಿಲೋ ಎನ್ನಿ. ಗಂಟೆಗೆ 60ರ ವೇಗದಲ್ಲಿ ಬಂದು, ಬ್ರೇಕರ್ ಮುಂದೆ ಗಕ್ಕನೆ ನಿಲ್ಲಿಸಿದರೆ ಕಳೆದುಹೋಗುವ ಶಕ್ತಿಯನ್ನು ಮತ್ತೆ ಕೂಡಿಸಲು ಎಂಜಿನ್ನಿಗೆ ಸುಮಾರು 14 ಮಿಲಿಲೀಟರ್ ಡೀಸೆಲ್ ಬೇಕು. ಮೂರು ಚಮಚೆ. ಹತ್ತು ಬ್ರೇಕರ್‌ಗೆ ಒಂದು ಚಹಾದ ಕಪ್ಪು. ನಮ್ಮ ರಸ್ತೆಯಲ್ಲಿ ಊರಿಗೆ ಎರಡು, ಶಾಲೆಗೆ ಎರಡು, ಗುಡಿಗೆ ಒಂದು, ಮುಖಂಡರ ಮನೆಗೆ ಒಂದು ಬ್ರೇಕರ್ ಇರುವಾಗ ಕಲಬುರಗಿ ಮುಟ್ಟುವುದರೊಳಗೆ ಎಷ್ಟು ಚಹಾ ಚೆಲ್ಲುತ್ತೇವೋ. ಸಣ್ಣ ಮೋಟಾರು ಅದರಲ್ಲಿ ಒಂದು ಗುಟುಕು ಉಳಿಸಬಲ್ಲದು. ಬ್ರೇಕರ್ ದೂರದಿಂದ ಕಂಡಾಗಲೇ ಕಾಲು ತೆಗೆದರೆ ಮುಕ್ಕಾಲು ಕಪ್ಪು ಉಳಿಯುತ್ತದೆ.

ಇದನ್ನು ನನಗೆ ಮೊದಲು ತೋರಿಸಿದವನು ನಮ್ಮ ಮುತ್ಯಾ. ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಅವನ ಬಂಡಿಯ ಎತ್ತುಗಳು ಬಾರುಕೋಲು ಕಾಣುತ್ತಿರಲಿಲ್ಲ. ಏರು ಬಂದರೆ ಮುತ್ಯಾ ತಾನೇ ಇಳಿದು ನಡೆಯುತ್ತಿದ್ದ, ನಮ್ಮನ್ನೂ ಇಳಿಸುತ್ತಿದ್ದ. ಮನೆ ಇನ್ನೂ ಒಂದು ಕೂಗಳತೆ ಇರುವಾಗಲೇ ಹಗ್ಗ ಸಡಿಲ ಬಿಟ್ಟು ಸುಮ್ಮನೆ ಕೂರುತ್ತಿದ್ದ. ಬಂಡಿ ತಾನೇ ನಿಧಾನವಾಗಿ ಬಾಗಿಲ ಮುಂದೆ ಬಂದು ನಿಲ್ಲುತ್ತಿತ್ತು. ‘ಎತ್ತಿನ ಉಸುರು ಹಾದ್ಯಾಗ ಚೆಲ್ಲಬಾರದು’ ಅನ್ನುತ್ತಿದ್ದ. ಹತ್ತಿಕಾಳು, ಹಿಂಡಿ ಅವನ ಕೈಯಿಂದಲೇ ಹೋಗುತ್ತಿದ್ದದ್ದು. ಆವರೇಜ್ ಎಂಬ ಪದ ಗೊತ್ತಿಲ್ಲದಿದ್ದರೂ ಅದರ ಭಾರ ಗೊತ್ತಿತ್ತು. ಜಪಾನಿನವರು ಬ್ಯಾಟರಿ, ಮೋಟಾರು, ಕಂಪ್ಯೂಟರು ಜೋಡಿಸಿ ಮಾಡಿದ್ದರ ತಿರುಳು ಆ ಸಡಿಲ ಬಿಟ್ಟ ಹಗ್ಗದಲ್ಲಿತ್ತು. ನನ್ನ ಹೈಬ್ರಿಡ್ ಗಾಡಿ ನನಗೆ ಮಾಡಿದ ದೊಡ್ಡ ಉಪಕಾರ ಡೀಸೆಲ್ ಉಳಿಸಿದ್ದಲ್ಲ. ಕಾಲು ತೆಗೆದಾಗಲೆಲ್ಲ ಪರದೆಯ ಮೇಲೆ ಒಂದು ಬಾಣ ಬ್ಯಾಟರಿಯ ಕಡೆ ಓಡುವುದನ್ನು ತೋರಿಸಿ, ನನ್ನನ್ನು ಮತ್ತೆ ಮುತ್ಯಾನ ಬಂಡಿ ಹತ್ತಿಸಿದ್ದು.

ಬ್ಯಾಟರಿ ಕೊನೆಗೂ ಹೊಸದು ಹಾಕಿಸಿದೆ. ಉಳಿತಾಯದ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ. ಡೀಸೆಲ್ ಲೀಟರಿಗೆ ತೊಂಬತ್ತರ ಆಸುಪಾಸು ಇದ್ದರೂ ನನ್ನ ಓಡಾಟಕ್ಕೆ ಗಿಟ್ಟುವುದಿಲ್ಲ. ಆದರೂ ಗಾಡಿ ನಿಂತಾಗ ಆ ಥಟ್ಟನೆಯ ಮೌನ ಬೇಕಾಗಿತ್ತು.

ಅದು ಚೆನ್ನಾಗಿ ಕೇಳಿಸುವ ಜಾಗ ನಮ್ಮೂರ ಸೇತುವೆ. ಜೋರು ಮಳೆ ಹಿಡಿದರೆ ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗುತ್ತದೆ, ಚಿತ್ತಾಪುರದಿಂದ ಕಲಬುರಗಿ ಕಡೆ ಹೋಗುವವರು ಈ ದಂಡೆಯಲ್ಲಿ ಸಾಲುಗಟ್ಟುತ್ತಾರೆ. ಅವಸರದವರು ಗಾಡಿ ತಿರುಗಿಸಿ ಸುತ್ತು ಹಾಕುತ್ತಾರೆ, ಉಳಿದವರು ನೀರು ಇಳಿಯುವುದನ್ನೇ ನೋಡುತ್ತ ಕೂರುತ್ತಾರೆ. ನನ್ನ ಪುಸ್ತಕದ ‘ಕಾರಣ’ದ ಮನೆಯಲ್ಲಿ ಅತಿ ಹೆಚ್ಚು ಸಲ ಬಂದಿರುವ ಪದ ‘ಹೊಳಿ.’

ಹೋದ ಮಳೆಗಾಲದಲ್ಲಿ ಹಾಗೆ ನಿಂತಿದ್ದೆವು. ನೀರು ಸೇತುವೆ ಬಿಟ್ಟು ಇಳಿಯುತ್ತಿತ್ತು. ಇನ್ನೇನು ಬಿಟ್ಟಾರು ಎಂದು ಎಲ್ಲರೂ ಎಂಜಿನ್ ಚಾಲೂ ಇಟ್ಟು ಹೊಗೆ ಬಿಡುತ್ತಿದ್ದರು. ನನ್ನ ಗಾಡಿ ತಾನಾಗಿ ಬಂದ್ ಆಯಿತು. ಪಕ್ಕದಲ್ಲಿ ಒಂದು ಟಂಟಂ, ಒಳಗೆ ಎಂಟು ಜನ, ಅವರ ನಡುವೆ ಕೊಡೆ ಹಿಡಿದ ಕಾಕಾ. ಟಂಟಂ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ನನ್ನ ಕಡೆ ಒಮ್ಮೆ ನೋಡಿ ಕೀಲಿ ತಿರುಗಿಸಿದ. ಟಂಟಂ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹೊಳೆಯ ಸದ್ದು ಕೇಳಿಸಿತು.

‘ಯಾಕೋ, ಬಂದ್ ಮಾಡ್ದಿ?’ ಅಂದರು ಕಾಕಾ.

‘ಸರ್ ಗಾಡಿ ತಾನಾ ಬಂದ್ ಆಗ್ತದ ಕಾಕಾ. ನಂದು ಜವಾರಿ, ಕೈಲೇ ಬಂದ್ ಮಾಡ್ಬೇಕು. ಅರ್ಧಾ ಕಿಲೋಮೀಟರ್ ಆವರೇಜ್ ಜಾಸ್ತಿ ಆಗ್ಯದ.’

ಕಾಕಾ ಕೊಡೆ ಮಡಚಿ, ಕಿಟಕಿಯೊಳಗೆ ಬಗ್ಗಿ ನನ್ನನ್ನು ನೋಡಿದರು.

‘ಬೀಜಕ್ಕ ಬರಂಗಿಲ್ಲ ಅಂದಿದ್ದಿ ಅಲ್ಲೋ ತಮ್ಮಾ?’